ಇಂಟರ್‌ನೆಟ್‌ನಲ್ಲೇ ರಷ್ಯನ್ ಕಲಿತು, ಬದಲಿಗೆ ಇಂಗ್ಲಿಷ್ ಹೇಳಿಕೊಡಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ರಷ್ಯನ್ ಕಲಿಯುವ ಆಸೆ ಇದೆ, ಊರಿನಲ್ಲಿ ಹೇಳಿಕೊಡುವವರಿಲ್ಲ. ಆನ್‌ಲೈನ್‌ನಲ್ಲಿ ಪರಿಚಯವಾದ ರಷ್ಯಾದ ಹುಡುಗಿಯೊಬ್ಬರು, ನೀವು ಇಂಗ್ಲಿಷ್ ಹೇಳಿಕೊಟ್ಟರೆ ನಾನು ರಷ್ಯನ್ ಹೇಳಿಕೊಡುತ್ತೇನೆ ಎಂದಿದ್ದಾರೆ. ಆದರೆ ನೀವು ಓದಿದ್ದು ಕನ್ನಡ ಮೀಡಿಯಂ, ನಿಮ್ಮ ಇಂಗ್ಲಿಷ್ ಸಾಕಾಗುತ್ತಾ ಅನ್ನುವ ಅಳುಕು.

ಸಾಕಾಗುತ್ತದೆ. ಧೈರ್ಯವಾಗಿ ಒಪ್ಪಿಕೊಳ್ಳಿ. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲೇ ಓದಿದವಳು. ರಷ್ಯಾದ ಕಜಾನ್ ನಗರದಲ್ಲಿ ಅಕೌಂಟೆಂಟ್ ಆಗಿರುವ ಒಬ್ಬರ ಜೊತೆ ಮೂರು ವರ್ಷದಿಂದ ಹೀಗೇ ಕಲಿಯುತ್ತಾ, ಕಲಿಸುತ್ತಾ ಇದ್ದೇನೆ.

ನಾನು ತಡವಾಗಿ ಕಂಡುಕೊಂಡ ಒಂದು ವಿಷಯ ನಿಮಗೆ ಮೊದಲ ದಿನವೇ ಗೊತ್ತಿರಲಿ. ಇಂಟರ್‌ನೆಟ್‌ನಲ್ಲಿ ನಮ್ಮ ಕೈಗೆ ಸಿಗುವ ರಷ್ಯನ್ ಪಾಠಗಳು ಹೆಚ್ಚಾಗಿ ಇಂಗ್ಲಿಷ್ ಮನೆಮಾತಿನವರಿಗೆಂದು ಮಾಡಿದವು. ಅವರಿಗೆ ಕಷ್ಟವಾದದ್ದನ್ನು ಈ ಪಾಠಗಳೂ ಕಷ್ಟ ಅನ್ನುತ್ತವೆ. ಆರು ವಿಭಕ್ತಿ ಇವೆ, ಹುಷಾರು ಅಂತ ಹೆದರಿಸುತ್ತವೆ. ನಾವು ಮರವು, ಮರವನ್ನು, ಮರದಿಂದ ಅಂತ ಬಾಯಿಪಾಠ ಮಾಡಿಯೇ ಬೆಳೆದವರು ಅಲ್ವಾ? ಪದದ ಕೊನೆ ಬದಲಾದರೆ ಅರ್ಥ ಬದಲಾಗುತ್ತದೆ ಅನ್ನುವುದು ನಮಗೆ ಹೊಸದೇ ಅಲ್ಲ.

'ನನಗೆ ಚಳಿ' ಅನ್ನುವುದನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ 'ಐ ಆಮ್ ಕೋಲ್ಡ್'. ರಷ್ಯನ್‌ನಲ್ಲಿ 'ಮ್ನ್ಯೆ ಹೋಲದ್ನ'. ಮ್ನ್ಯೆ ಅಂದರೆ ನನಗೆ, ಹೋಲದ್ನ ಅಂದರೆ ಚಳಿ. ವಯಸ್ಸು ಹೇಳುವುದೂ ಹಾಗೇ: 'ಮ್ನ್ಯೆ ದ್ವಾತ್ಸತ್ ಲ್ಯೆತ್', ನನಗೆ ಇಪ್ಪತ್ತು ವರ್ಷ. ಒಂದೊಂದು ಪದವೂ ಅದೇ ಜಾಗದಲ್ಲಿದೆ. 'ಎತ ದೋಮ್' ಅಂದರೆ ಇದು ಮನೆ. ನಮ್ಮಲ್ಲಿ ಹೇಗೋ ಹಾಗೇ ಅಲ್ಲೂ 'ಈಸ್' ಇಲ್ಲ, 'ಎ' ಮತ್ತು 'ದಿ' ಕೂಡ ಇಲ್ಲ. 'ಐ ಹ್ಯಾವ್ ಎ ಬುಕ್' ಅನ್ನಲು ಅವರು 'ಉ ಮಿನ್ಯಾ ಯೆಸ್ತ್ ಕ್ನೀಗ' ಅನ್ನುತ್ತಾರೆ. ಅದೇ ನಮ್ಮ 'ನನ್ನ ಹತ್ತಿರ ಪುಸ್ತಕ ಇದೆ'. ಚಿತಾಲ್, ಪ್ರಚಿತಾಲ್ ಎಂಬ ಎರಡು ಕ್ರಿಯಾಪದಗಳ ಮೇಲೆ ಪಾಠಗಟ್ಟಲೆ ವಿವರಣೆ ಬರುತ್ತದೆ. ಓದುತ್ತಿದ್ದೆ, ಓದಿ ಮುಗಿಸಿದೆ ಅಂದುಕೊಂಡರೆ ಶುರು ಮಾಡಲು ಅಷ್ಟು ಸಾಕು.

ನಾನು ಡ್ಯುಯೊಲಿಂಗೋ ಅನ್ನುವ ಭಾಷೆ ಕಲಿಸುವ ಆ್ಯಪ್‌ನಲ್ಲಿ ಇಂಗ್ಲಿಷ್ ಮೂಲಕವೇ ಶುರು ಮಾಡಿದೆ. ನಾಲ್ಕು ತಿಂಗಳು ಪ್ರತಿ ವಾಕ್ಯವನ್ನೂ ಕನ್ನಡದಿಂದ ಇಂಗ್ಲಿಷಿಗೆ ತಂದು, ಅಲ್ಲಿಂದ ರಷ್ಯನ್‌ಗೆ ಒಯ್ಯುತ್ತಿದ್ದೆ. ಬಾಯಿ ಬಿಡುವಷ್ಟರಲ್ಲಿ ಎದುರಿನವರ ಮಾತು ಮುಂದೆ ಹೋಗಿರುತ್ತಿತ್ತು. ಕೊನೆಗೆ ನೋಟ್‌ಬುಕ್ಕಿನಲ್ಲಿ ಎರಡೇ ಕಾಲಂ ಹಾಕಿದೆ, ರಷ್ಯನ್ ಮತ್ತು ಕನ್ನಡ. ಆಮೇಲೆ ಮಾತು ಸಲೀಸಾಯಿತು. ಆ್ಯಪ್ ಯಾವುದೇ ಇರಲಿ, ಈ ನೋಟ್‌ಬುಕ್ ಮಾತ್ರ ಇಡಿ.

ಅಕ್ಷರ 33, ಒಂದು ವಾರದ ಕೆಲಸ. ಇಂಗ್ಲಿಷಿನ ಪಿ ತರ ಕಾಣುವುದು ರ, ಸಿ ತರ ಕಾಣುವುದು ಸ, ಎಚ್ ತರ ಕಾಣುವುದು ನ, ಬಿ ತರ ಕಾಣುವುದು ವ. ಈ ನಾಲ್ಕನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಎರಡು, ಮೂರು, ನಾಲ್ಕಕ್ಕೆ ದ್ವಾ, ತ್ರೀ, ಚಿತೀರಿ. ದ್ವಿಚಕ್ರ, ತ್ರಿಕೋನ, ಚತುರ್ಭುಜ ನೆನಪಾದರೆ ಇವು ಮರೆಯುವುದಿಲ್ಲ.

ಕನ್ನಡ ನೆರವಿಗೆ ಬಾರದ ಕಡೆಯೂ ಇದೆ. ಅಲ್ಲಿ ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕ. ನಡೆದು ಹೋಗುವುದಕ್ಕೂ ಗಾಡಿಯಲ್ಲಿ ಹೋಗುವುದಕ್ಕೂ ಬೇರೆ ಬೇರೆ ಕ್ರಿಯಾಪದ. ಎಲ್ಲಕ್ಕಿಂತ ಜಾಸ್ತಿ ಕಾಡುವುದು ಒತ್ತು. ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಅಂತ ಸಾಮಾನ್ಯ ಬರವಣಿಗೆಯಲ್ಲಿ ತೋರಿಸುವುದಿಲ್ಲ. ಜಾಮಕ್ ಅಂದರೆ ಕೋಟೆಮನೆ, ಜಮೋಕ್ ಅಂದರೆ ಬೀಗ. ಬರೆಯುವುದು ಮಾತ್ರ ಒಂದೇ ತರ. ಒತ್ತು ಬೀಳದ ಒ ಅಕ್ಷರ ಅ ತರ ಕೇಳುತ್ತದೆ, ಹಾಗಾಗಿ 'ಮೊಲೊಕೊ' ಎಂದು ಬರೆದ ಹಾಲನ್ನು 'ಮಲಕೋ' ಅನ್ನುತ್ತಾರೆ. ಇದಕ್ಕೆ ಇಂಗ್ಲಿಷ್ ವಿಕ್ಷನರಿ ಅನ್ನುವ ಆನ್‌ಲೈನ್ ನಿಘಂಟು ಬಹಳ ಒಳ್ಳೆಯದು. ರಷ್ಯನ್ ಪದ ಹಾಕಿದರೆ ಒತ್ತಿನ ಗುರುತೂ ವಿಭಕ್ತಿಗಳ ಪಟ್ಟಿಯೂ ಸಿಗುತ್ತವೆ. ಉಚ್ಚಾರಣೆ ಕೇಳಲು ಫೋರ್ವೋ ಇದೆ, ಅಲ್ಲಿ ಆ ಭಾಷೆಯವರೇ ಹೇಳಿದ ಧ್ವನಿ ಇರುತ್ತದೆ. ರಸ್ತೆಯಲ್ಲಿ ಜನ ಆಡುವ ಮಾತಿಗೆ ಯೂಟ್ಯೂಬ್‌ನ ಈಸಿ ರಷ್ಯನ್ ನೋಡಿ, ಎರಡೂ ಭಾಷೆಯ ಸಬ್‌ಟೈಟಲ್ ಬರುತ್ತದೆ. ಕ್ರಮವಾಗಿ ಕಲಿಯಬೇಕೆಂದರೆ ಮಾಸ್ಕೋದ ಪುಷ್ಕಿನ್ ಇನ್‌ಸ್ಟಿಟ್ಯೂಟ್‌ನ ಆನ್‌ಲೈನ್ ಕೋರ್ಸ್‌ಗಳಿವೆ.

ಇನ್ನು ನೀವು ಇಂಗ್ಲಿಷ್ ಹೇಳಿಕೊಡುವ ಮಾತು. ರಷ್ಯನ್ನರು ತಪ್ಪುವ ಕಡೆಯೇ ನಾವೂ ತಪ್ಪಿ, ತಿದ್ದಿಕೊಂಡು ಬಂದಿದ್ದೇವೆ. 'ಎ' ಎಲ್ಲಿ, 'ದಿ' ಎಲ್ಲಿ ಅನ್ನುವುದು ಅವರಿಗೂ ದೊಡ್ಡ ತಲೆನೋವು. ಇಲ್ಲದ ಭಾಷೆಯಿಂದ ಬಂದವರಿಗೆ ಅದನ್ನು ಹೇಗೆ ಹೇಳಬೇಕು ಅಂತ ನಿಮಗೆ ಗೊತ್ತಿದೆ, ಏಕೆಂದರೆ ನೀವೂ ಅಲ್ಲಿಂದಲೇ ಬಂದವರು. ಉಚ್ಚಾರಣೆಯಲ್ಲಿ ಮಾತ್ರ ನಿಮ್ಮ ನಾಲಗೆಯನ್ನೇ ಪ್ರಮಾಣ ಮಾಡಬೇಡಿ. 'ವಿ'ಯಿಂದ ಶುರುವಾಗುವ, ಒಳಗೆ ಹಾಕುವ ವೆಸ್ಟ್, 'ಡಬ್ಲ್ಯು'ವಿನಿಂದ ಶುರುವಾಗುವ, ಪಶ್ಚಿಮ ದಿಕ್ಕಿನ ವೆಸ್ಟ್, ನಮ್ಮಿಬ್ಬರ ಬಾಯಲ್ಲೂ ಒಂದೇ ತರ ಬರುತ್ತಿದ್ದವು. ನಾವು ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಆರು ನಿಮಿಷದ ಆಡಿಯೊ ಹಾಕಿ, ಬರಹ ನೋಡುತ್ತಾ, ಇಬ್ಬರೂ ಒಟ್ಟಿಗೆ ಹೇಳಿಕೊಂಡೆವು.

ಒಂದು ಎಚ್ಚರಿಕೆ. ಅವರ ಇಂಗ್ಲಿಷ್ ನಿಮ್ಮ ರಷ್ಯನ್‌ಗಿಂತ ಚೆನ್ನಾಗಿದ್ದರೆ ಮಾತು ತಾನಾಗಿ ಇಂಗ್ಲಿಷಿಗೇ ಜಾರುತ್ತದೆ. ನಮಗೂ ಮೊದಲು ಹಾಗೇ ಆಯಿತು. ಈಗ ಫೋನಿನಲ್ಲಿ ಟೈಮರ್ ಇಟ್ಟುಕೊಳ್ಳುತ್ತೇವೆ, 25 ನಿಮಿಷ ರಷ್ಯನ್, 25 ನಿಮಿಷ ಇಂಗ್ಲಿಷ್. ಮಧ್ಯೆ ತಡೆದು ತಿದ್ದುವುದಿಲ್ಲ. ತಪ್ಪನ್ನು ಚಾಟ್‌ನಲ್ಲಿ ಬರೆದಿಟ್ಟು ಕೊನೆಗೆ ನೋಡುತ್ತೇವೆ. ವಾರದ ನಡುವೆ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತೇನೆ. ಅವರು ಅದನ್ನೇ ಸರಿಯಾದ ರಷ್ಯನ್‌ನಲ್ಲಿ ಹೇಳಿ ವಾಪಸ್ ಕಳಿಸುತ್ತಾರೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಇದೇ.

ದುಡ್ಡಿನ ಲೆಕ್ಕ ಬೇಡ. 2022ರ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ರಷ್ಯಾದಲ್ಲಿ ಕೆಲಸ ನಿಲ್ಲಿಸಿದ ಮೇಲೆ ಅಲ್ಲಿಗೆ ಹಣ ಕಳಿಸುವುದೂ ತರಿಸುವುದೂ ತೊಡಕು. ಪಾಠಕ್ಕೆ ಪಾಠ, ಅಷ್ಟೇ ಚೆಂದ. ಯಾರಾದರೂ ಹಣ ಕೇಳಿದರೆ ಅಲ್ಲಿಗೆ ಬಿಟ್ಟುಬಿಡಿ. ಮಾಸ್ಕೋ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ. ಕಜಾನ್‌ನಲ್ಲೂ ಅದೇ ಸಮಯ. ಅವರು ಸಂಜೆ ಏಳಕ್ಕೆ ಕೂತರೆ ನಮಗೆ ರಾತ್ರಿ ಒಂಬತ್ತೂವರೆ, ಊಟ ಆಗಿರುತ್ತದೆ.

ನೀನು, ನೀವು ಎಂಬ ಭೇದ ರಷ್ಯನ್‌ನಲ್ಲೂ ಇದೆ. ಒಂದು ವರ್ಷ ಕಳೆದ ಮೇಲೆ ಅವರು, ಇನ್ನು ಮೇಲೆ 'ನೀನು' ಅಂತಲೇ ಮಾತಾಡೋಣವಾ ಎಂದು ಕೇಳಿದರು. ಅವತ್ತು ನನಗೆ ಎಷ್ಟು ಸಂತೋಷವಾಯಿತು ಅಂತ ಕನ್ನಡದವರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ಇಬ್ಬರೂ ಇನ್ನೂ 'ಯು' ಅಂತಲೇ ಇದ್ದೇವೆ.

ಅಕ್ಷರ ಕಲಿತಾದ ಮೇಲೆ ಇಲ್ಲೇ ಒಂದು ಸಾಲು ಬರೆಯಿರಿ. ನನ್ನ ನೋಟ್‌ಬುಕ್ಕಿನ ಮೊದಲ ಐವತ್ತು ವಾಕ್ಯಗಳನ್ನು ಕನ್ನಡದ ಜೊತೆ ಹಾಕುತ್ತೇನೆ.