ಎಲ್ಲ ಸಾಧನಗಳಲ್ಲೂ ತೆರೆಯುವ ಕನ್ನಡ ಇ-ಪುಸ್ತಕಕ್ಕೆ ಯಾವ ಫಾರ್ಮ್ಯಾಟ್ ಸೂಕ್ತ?

ಕನ್ನಡ ಕಾದಂಬರಿಯೊಂದನ್ನು ಫೋನ್, ಟ್ಯಾಬ್ಲೆಟ್, ಕಂಪ್ಯೂಟರ್ ಮತ್ತು ಅಮೆಜಾನ್‌ನ ಓದುಸಾಧನವಾದ ಕಿಂಡಲ್‌ಗಳಲ್ಲಿ ಓದಲು ಒಂದೇ ಕಡತ ಸಾಕಾಗಬೇಕಿದ್ದರೆ ಇಪಬ್ ಅನ್ನೇ ಆರಿಸಿಕೊಳ್ಳಿ. 2007ರಲ್ಲಿ ಮಾನಕವಾಗಿ ಹೊರಬಂದ ಈ ಮುಕ್ತ ಫಾರ್ಮ್ಯಾಟ್ ಯಾವುದೇ ಒಂದು ಕಂಪನಿಯ ಸ್ವತ್ತಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ಸಾಲುಗಳು ಹೊಂದಿಕೊಳ್ಳುವುದರಿಂದ, ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ಓದುವ ಹಿರಿಯರು ಪುಟವನ್ನು ಅತ್ತಿತ್ತ ಸರಿಸಬೇಕಾಗುವುದಿಲ್ಲ. ಕಿಂಡಲ್ ಇದನ್ನು ನೇರವಾಗಿ ತೆರೆಯದಿದ್ದರೂ, 2022ರಿಂದ ಸೆಂಡ್ ಟು ಕಿಂಡಲ್ ಸೇವೆಯು ಇಪಬ್ ಕಡತವನ್ನು ಸ್ವೀಕರಿಸಿ ಪರಿವರ್ತಿಸಿ ಕೊಡುತ್ತಿದೆ. ಕಿಂಡಲ್‌ನ ಹಳೆಯ ಫಾರ್ಮ್ಯಾಟ್ ಆದ ಮೊಬಿಯನ್ನು ಮರೆಯಬಹುದು.

ಆದರೆ ಕನ್ನಡದಲ್ಲಿ ಫಾರ್ಮ್ಯಾಟಿಗಿಂತ ಮೊದಲು ನೋಡಬೇಕಾದದ್ದು ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಸಂಕೇತಗಳಾಗಿ ಉಳಿಸುವ ಬಗೆ, ಅಂದರೆ ಪಠ್ಯದ ಎನ್‌ಕೋಡಿಂಗ್. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪುಸ್ತಕವು ಆ ಫಾಂಟ್ ಇಲ್ಲದ ಸಾಧನದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತದೆ, ಅದರಲ್ಲಿ ಪದ ಹುಡುಕುವುದೂ ಸಾಧ್ಯವಾಗುವುದಿಲ್ಲ. ಆದ್ದರಿಂದ ಪಠ್ಯವನ್ನು ಮೊದಲು ಎಲ್ಲ ಸಾಧನಗಳೂ ಗುರುತಿಸುವ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತುಗಳನ್ನೂ ಕಣ್ಣಾರೆ ಪರಿಶೀಲಿಸಿ, ಮುಕ್ತ ಪರವಾನಗಿಯ ಕನ್ನಡ ಫಾಂಟೊಂದನ್ನು ಇಪಬ್‌ನೊಳಗೇ ಸೇರಿಸುವುದು ಒಳ್ಳೆಯದು.

ಪುಟವಿನ್ಯಾಸ ಕದಲಬಾರದ ಮಕ್ಕಳ ಚಿತ್ರಪುಸ್ತಕ ಅಥವಾ ಗಣಿತದ ಪುಸ್ತಕಕ್ಕೆ ಪಿಡಿಎಫ್ ಸರಿ, ಆದರೆ ಚಿಕ್ಕ ಪರದೆಯಲ್ಲಿ ಓದು ಕಷ್ಟವಾಗುತ್ತದೆ. ಖರೀದಿಸಿದ ಪುಸ್ತಕಕ್ಕೆ ನಕಲು ತಡೆಯುವ ಡಿಆರ್‌ಎಂ ಬೀಗವಿದ್ದರೆ, ಇಪಬ್ ಆಗಿದ್ದರೂ ಅದು ಮಾರಿದವರು ಒಪ್ಪಿದ ಆ್ಯಪ್‌ಗಳಲ್ಲಿ ಮಾತ್ರ ತೆರೆಯುತ್ತದೆ.