ಸಣ್ಣ ದೋಣಿಗೆ ಕಡಿಮೆ ಖರ್ಚಿನಲ್ಲಿ ದಾರಿ ತೋರಿಸುವ ವ್ಯವಸ್ಥೆಯನ್ನು ನಾವೇ ಮಾಡಿಕೊಳ್ಳಬಹುದೇ?

ಧಾರಾಳವಾಗಿ. ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಅಗ್ಗದ ಕಂಪ್ಯೂಟರ್, ಯುಎಸ್‌ಬಿ ಜಿಪಿಎಸ್, ಚಿಕ್ಕ ಪರದೆ, ಓಪನ್‌ಸಿಪಿಎನ್ ಎಂಬ ಉಚಿತ ತಂತ್ರಾಂಶ, ಅದಕ್ಕೆ ನಿಮ್ಮ ಕಡಲಿನ ನಕ್ಷೆ. ಇಷ್ಟಾದರೆ ದೋಣಿ ನಕ್ಷೆಯ ಮೇಲೆ ಸಾಗುವುದು ಕಾಣುತ್ತದೆ.

ಜಿಪಿಎಸ್ ಕಳಿಸುವುದು ಎನ್‌ಎಂಇಎ 0183 ಮಾದರಿಯ, ಅಂದರೆ ದೋಣಿಯ ಉಪಕರಣಗಳು ಒಂದಕ್ಕೊಂದು ಮಾಹಿತಿ ಕಳಿಸಲು ಬಳಸುವ ಮಾದರಿಯ, ಸಾದಾ ಅಕ್ಷರಗಳ ಸಾಲುಗಳನ್ನು. ಅವುಗಳಲ್ಲಿ ಸಮಯ, ಸ್ಥಾನ, ವೇಗ ಹೇಳುವ ಆರ್‌ಎಂಸಿ ಎಂಬ ಸಾಲಿನಲ್ಲಿ ಸಮಯದ ಪಕ್ಕ ‘ಎ’ ಇದ್ದರೆ ಸ್ಥಾನ ನಂಬಬಹುದು. ‘ವಿ’ ಇದ್ದರೆ ಉಪಗ್ರಹ ಇನ್ನೂ ಸರಿಯಾಗಿ ಸಿಕ್ಕಿಲ್ಲ.

ಕೈಕೊಡುವುದು ಹೆಚ್ಚಾಗಿ ಕರೆಂಟು. ಎಂಜಿನ್ ಸ್ಟಾರ್ಟ್ ಮಾಡಿದ ಕ್ಷಣ 12 ವೋಲ್ಟ್ ಬ್ಯಾಟರಿ ಕುಸಿಯುತ್ತದೆ, ಪೈ ಆರಿ ಮತ್ತೆ ಹತ್ತಿಕೊಳ್ಳುತ್ತದೆ. ಅದಕ್ಕೆ ಬೇರೆಯದೇ ಸಣ್ಣ ಬ್ಯಾಟರಿ, 5 ವೋಲ್ಟ್ 3 ಆಂಪಿಯರ್ ಕೊಡುವ ಕನ್ವರ್ಟರ್, ನಡುವೆ ಫ್ಯೂಸ್ ಹಾಕಿ. ಉಪ್ಪುಗಾಳಿ ತಂತಿಯ ಜೋಡಣೆಗಳನ್ನು ತಿಂದುಹಾಕುತ್ತದೆ, ಮುಚ್ಚಿಡಿ.

ದೋಣಿ ನಿಂತಾಗ ಜಿಪಿಎಸ್ ತೋರಿಸುವ ದಿಕ್ಕಿಗೆ ಅರ್ಥವಿಲ್ಲ. ಅದಕ್ಕೇ ದಿಕ್ಸೂಚಿ ಬೇಕು, ಸ್ಪೀಕರು ಮತ್ತು ಎಂಜಿನ್ನಿನಿಂದ ದೂರ.

ನಮ್ಮ ಕರಾವಳಿಯವರಿಗೆ ಒಂದು ಮಾತು: ಅಳಿವೆ ಬಾಯಲ್ಲಿ ಮರಳದಿಣ್ಣೆ ಮಳೆಗಾಲ ಕಳೆದಂತೆ ಜಾಗ ಬದಲಿಸುತ್ತದೆ, ನಕ್ಷೆ ಬದಲಾಗುವುದಿಲ್ಲ. ಅಲ್ಲಿ ಪರದೆ ಬಿಟ್ಟು ನೀರು ನೋಡಿ.