ಬೇರೆಯವರು ತೆಗೆದ ಫೋಟೋವನ್ನು ಪ್ರಿಂಟ್ ಹೊಡೆದರೆ ಅದು ಹೇಗೆ ಕಲೆಯಾಗುತ್ತದೆ?

ನೀವು ಕೇಳಿರುವುದು ಜರ್ಮನಿಯ ಕಲಾವಿದ ಯೋಸೆಫ್ ಬಾಯ್ಸ್ ಅವರ 1973ರ ಸ್ಕ್ರೀನ್ ಪ್ರಿಂಟ್ ಬಗ್ಗೆ, ‘ಡೆಮೊಕ್ರಟೀ ಇಸ್ಟ್ ಲುಸ್ಟಿಶ್’. ಫೋಟೋ ತೆಗೆದವರು ಬೇರೆ, ಪ್ರತಿಗಳು 80 ಇವೆ, ಹಾಗಿದ್ದ ಮೇಲೆ ಮ್ಯೂಸಿಯಂ ಇದನ್ನು ಯಾಕೆ ಜೋಪಾನ ಮಾಡಬೇಕು ಅಂತ ಕೇಳಿದ್ದೀರಿ. ನಾನು ಇಪ್ಪತ್ತು ವರ್ಷದಿಂದ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದೇನೆ. ಮದುವೆ ಕಾರ್ಡು, ಬಟ್ಟೆ ಚೀಲ, ಸ್ಟಿಕ್ಕರು. ನನಗೆ ಗೊತ್ತಿರುವ ಕಡೆಯಿಂದಲೇ ಹೇಳುತ್ತೇನೆ.

ಮೊದಲು ಆ ಫೋಟೋ ಯಾವಾಗಿನದು ಅಂತ ತಿಳಿಯಬೇಕು. ಅಕ್ಟೋಬರ್ 1972, ಡ್ಯೂಸೆಲ್ಡಾರ್ಫ್ ಕಲಾ ಅಕಾಡೆಮಿ. ಬಾಯ್ಸ್ 1961ರಿಂದ ಅಲ್ಲಿ ಮೇಷ್ಟ್ರು. ಕಲಿಯಬೇಕು ಅಂತ ಬಂದವರನ್ನು ಸೀಟಿಲ್ಲ ಅಂತ ವಾಪಸ್ ಕಳಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಸೀಟು ಸಿಗದವರನ್ನೂ ತಮ್ಮ ಕ್ಲಾಸಿಗೇ ಸೇರಿಸಿಕೊಳ್ಳುತ್ತೇನೆ ಅಂದರು. ಆಡಳಿತದವರು ಬಗ್ಗಲಿಲ್ಲ. ಬಾಯ್ಸ್ ಆ ಹುಡುಗ ಹುಡುಗಿಯರ ಜೊತೆ ಹೋಗಿ ಅಕಾಡೆಮಿಯ ಆಫೀಸಿನಲ್ಲೇ ಕೂತುಬಿಟ್ಟರು. ರಾಜ್ಯದ ಮಂತ್ರಿ ಯೋಹಾನೆಸ್ ರೌ, ಬಾಯ್ಸ್ ಅವರನ್ನು ಕೆಲಸದಿಂದ ತೆಗೆದರು. (ಇದೇ ರೌ ಮುಂದೆ ಜರ್ಮನಿಯ ರಾಷ್ಟ್ರಪತಿಯಾದರು.) ಪೊಲೀಸರು ಬಂದರು. ಫೋಟೋದಲ್ಲಿರುವುದು ಆ ಹೊತ್ತು: ಎರಡೂ ಕಡೆ ಪೊಲೀಸರು, ಮಧ್ಯೆ ಫೆಲ್ಟ್ ಟೋಪಿ ಹಾಕಿಕೊಂಡ ಬಾಯ್ಸ್ ಹೊರಗೆ ಬರುತ್ತಿದ್ದಾರೆ. ಕೆಲಸ ಹೋಗಿದೆ. ಮುಖದ ತುಂಬ ನಗು.

ಆ ಫೋಟೋದ ಪ್ರಿಂಟ್ ಮೇಲೆ ಅವರು ಬರೆದ ‘ಡೆಮೊಕ್ರಟೀ ಇಸ್ಟ್ ಲುಸ್ಟಿಶ್’ ಅನ್ನುವ ಮೂರು ಪದಕ್ಕೆ ‘ಪ್ರಜಾಪ್ರಭುತ್ವ ಮಜವಾಗಿದೆ’ ಅಂತ ಅರ್ಥ.

ಈಗ ನನ್ನ ಕಸುಬಿನ ಮಾತು. ಫೋಟೋವನ್ನು ಸ್ಕ್ರೀನಿಗೆ ಇಳಿಸುವಾಗ ಸಾಮಾನ್ಯವಾಗಿ ಅದನ್ನು ಸಣ್ಣ ಸಣ್ಣ ಚುಕ್ಕೆ ಮಾಡಿ ಫಿಲ್ಮ್ ತೆಗೆಯುತ್ತೇವೆ. ಮೆಶ್‌ಗೆ (ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ) ಎಮಲ್ಷನ್ ಅನ್ನುವ, ಬೆಳಕು ಬಿದ್ದರೆ ಗಟ್ಟಿಯಾಗುವ ಲೇಪ ಸವರಿ, ಒಣಗಿಸಿ, ಫಿಲ್ಮ್ ಇಟ್ಟು ಬೆಳಕು ಕೊಟ್ಟು, ನೀರಲ್ಲಿ ತೊಳೆಯುತ್ತೇವೆ. ಬೆಳಕು ಬೀಳದ ಕಡೆ ಎಮಲ್ಷನ್ ಬಿಟ್ಟುಹೋಗುತ್ತದೆ. ಆ ತೂತಿನಿಂದಲೇ ಇಂಕು ಇಳಿಯುವುದು. ಬಾಯ್ಸ್ ಆ ಮೂರು ಪದವನ್ನು ಫಿಲ್ಮ್ ಮೇಲೆ ಒಂದೇ ಸಲ ಬರೆದಿದ್ದರೆ ಸಾಕಿತ್ತು, ಸ್ಕ್ವೀಜಿ (ಇಂಕು ಎಳೆಯುವ ರಬ್ಬರ್ ಪಟ್ಟಿ) ಎಳೆದ ಹಾಗೆ 80 ಹಾಳೆಗೂ ಅದೇ ಬೀಳುತ್ತಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅವರು ಮಾಡಲಿಲ್ಲ. ಒಂದೊಂದು ಹಾಳೆಯ ಮೇಲೂ ಕೈಯಲ್ಲೇ ಬರೆದರು.

ಇದು ನಮಗೆ ಗೊತ್ತಿರುವ ವಿಷಯವೇ ಅಲ್ವಾ? ನನ್ನಿಂದ ಐನೂರು ಲಗ್ನಪತ್ರಿಕೆ ತಗೊಂಡು ಹೋದವರು ಮನೆಯಲ್ಲಿ ಕೂತು ಮೂಲೆಗೆ ಅರಿಶಿನ ಕುಂಕುಮ ಹಚ್ಚುತ್ತಾರೆ, ಮೇಲೆ ಹೆಸರು ಬರೆಯುತ್ತಾರೆ. ನನ್ನ ಅಂಗಡಿಯಿಂದ ಹೋಗಿದ್ದು ಬರೀ ಕಾರ್ಡು. ಕರೆಯುವವರ ಕೈ ತಗುಲಿದ ಮೇಲೆ ಅದು ಕರೆಯೋಲೆ.

ಪ್ರತಿಗಳು ಜಾಸ್ತಿ ಇವೆ ಅನ್ನುವುದೂ ಕೊರತೆಯಲ್ಲ. ತಮ್ಮ ಮಾತು ತುಂಬಾ ಜನರ ಮನೆ ಸೇರಲಿ ಅಂತಲೇ ಬಾಯ್ಸ್ ಇಂಥ ‘ಮಲ್ಟಿಪಲ್’ಗಳನ್ನು, ಅಂದರೆ ಹಲವು ಪ್ರತಿ ಇರುವ ಕೃತಿಗಳನ್ನು, 500ಕ್ಕೂ ಹೆಚ್ಚು ಬಗೆಯಲ್ಲಿ ಮಾಡಿದರು. ಹಾರ್ವರ್ಡ್‌ನ ಬುಶ್-ರೈಸಿಂಗರ್ ಮ್ಯೂಸಿಯಂನಲ್ಲಿ ಅವುಗಳ ದೊಡ್ಡ ಸಂಗ್ರಹವೇ ಇದೆ. ಎಲ್ಲರಿಗೂ ಸೀಟು ಕೊಡಿ ಅಂದ ಮನುಷ್ಯ ತನ್ನ ಚಿತ್ರವನ್ನು ಒಬ್ಬರೇ ಇಟ್ಟುಕೊಳ್ಳಲಿ ಅಂತ ಮಾಡುತ್ತಾರಾ?

ಕೆಲಸದಿಂದ ತೆಗೆದದ್ದು ತಪ್ಪು ಅಂತ 1978ರಲ್ಲಿ ಕೋರ್ಟ್ ಹೇಳಿತು. ಆ ಹೊತ್ತಿಗೆ ಈ ಪ್ರಿಂಟ್ ಬಂದು ಐದು ವರ್ಷ ಆಗಿತ್ತು.

ಎಲ್ಲಾದರೂ ಎದುರಿಗೇ ನೋಡುವ ಅವಕಾಶ ಸಿಕ್ಕರೆ ಎರಡು ಹೆಜ್ಜೆ ಹತ್ತಿರ ಹೋಗಿ. ದೊಡ್ಡ ಹಾಳೆ, ಅಗಲ ಒಂದು ಮೀಟರಿಗೂ ಜಾಸ್ತಿ. ಮೊದಲು ಪೊಲೀಸರ ಮುಖ ನೋಡಿ, ಆಮೇಲೆ ಅಕ್ಷರ ನೋಡಿ. ಸ್ಕ್ರೀನಿನಿಂದ ಬಿದ್ದ ಇಂಕು ಯಾವುದು, ಕೈಯಿಂದ ಎಳೆದ ಗೆರೆ ಯಾವುದು ಅಂತ ನಿಮ್ಮ ಕಣ್ಣಿಗೇ ಗೊತ್ತಾಗುತ್ತದೆ.